ನಿಮ್ಮ ಕಡೆ ಬಂತಾ?

ಮೇ ತಿಂಗಳ ಮದುವೆ. ಪುತ್ತೂರಿನ ಹತ್ತಿರದ ಒಂದು ಸಭಾಭವನ. ತಲೆಯ ಮೇಲೆ ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನು, ಕೈಯಲ್ಲಿ ಪುನರ್ಪುಳಿ ಶರಬತ್ತು. ಒಂದೇ ಹೈಸ್ಕೂಲಿನಲ್ಲಿ ಕಲಿತ ನಾವು ಮೂವರು ಕುರ್ಚಿಗಳನ್ನು ಎದುರುಬದುರು ಎಳೆದುಕೊಂಡು ಕೂತವರು ಎರಡನೇ ಹಂತಿಯ ಊಟಕ್ಕೆ ಕರೆಯುವ ತನಕ ಏಳಲಿಲ್ಲ. ಏಳುವಾಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಪಕ್ಕಕ್ಕೆ ಬಂದು, "ಮಾವ, ಮೂರು ವರ್ಷದ ಮೇಲೆ ಸಿಕ್ಕಿದವರು ನೀವು. ಮುಕ್ಕಾಲು ಗಂಟೆ ಮಾತಾಡಿದ್ದು ಬರೀ ಸೆಕೆ, ಮಳೆ, ಮತ್ತೆ ಯಾರೋ ಪಣಂಬೂರು ಬೀಚಿಗೆ ಹೋಗಿ ಬಂದದ್ದು. ಬೇರೆ ವಿಷಯವೇ ಇಲ್ವಾ ನಿಮಗೆ?" ಎಂದ.

ತಮಾಷೆಗೇ ಕೇಳಿದ. ಆದರೆ ಅದು ಅವನ ಸ್ವಂತದ ಮಾತೇನೂ ಆಗಿರಲಿಲ್ಲ. ಈಗ ಓದಿದವರೆಲ್ಲ ಒಪ್ಪಿಕೊಂಡು ಕೂತಿರುವ ಅಭಿಪ್ರಾಯ ಅದು: ಹೇಳಲು ಏನೂ ಇಲ್ಲದವರು ಹವೆಯ ಮಾತಾಡುತ್ತಾರೆ. ವ್ಯಕ್ತಿತ್ವ ವಿಕಸನದ ಭಾಷಣಕಾರರು ಇದನ್ನು ಹೇಳುತ್ತಾರೆ. ಗೆಳೆತನದ ಬಗ್ಗೆ ಅಂಕಣ ಬರೆಯುವವರು, ನಿಜವಾದ ಸ್ನೇಹಿತರು ಆಳವಾದ ವಿಚಾರಗಳನ್ನು ಹಂಚಿಕೊಳ್ಳುತ್ತಾರೆ, ಪರಿಚಯದವರು ಮಾತ್ರ ಬಿಸಿಲು ಮಳೆ ಎನ್ನುತ್ತಾರೆ ಎಂದು ಬರೆಯುತ್ತಾರೆ. ಸಾಹಿತಿಗಳಂತೂ ಪರಸ್ಪರ ಭೇಟಿಯಾದಾಗ ಮೊದಲ ಹತ್ತು ನಿಮಿಷ ಸೆಕೆಯ ಬಗ್ಗೆಯೇ ಮಾತಾಡಿ, ಆಮೇಲೆ ಆ ಹತ್ತು ನಿಮಿಷವನ್ನು ನೆನಪಿನಿಂದ ಅಳಿಸಿ, ಉಳಿದದ್ದನ್ನು ಮಾತ್ರ ಆತ್ಮಕಥೆಗೆ ಸೇರಿಸುತ್ತಾರೆ. ನಾನು ಈ ಅಭಿಪ್ರಾಯವನ್ನು ಒಪ್ಪುವುದಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಏನಿತ್ತು ಎನ್ನುವುದನ್ನು ಮೊದಲು ಹೇಳುತ್ತೇನೆ.

ನಮ್ಮಲ್ಲಿ ಒಬ್ಬನ ಮನೆ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಘಟ್ಟದ ಬುಡ. ಇನ್ನೊಬ್ಬನದು ಪುತ್ತೂರಿನಿಂದ ಪಶ್ಚಿಮಕ್ಕೆ. ಈ ಎರಡನೆಯವನ ಅಂಗಳದಲ್ಲಿ ಕೊನೆಯ ಕೊಯ್ಲಿನ ಅಡಿಕೆ ಒಣಗುತ್ತಿತ್ತು. ಚಾಲಿ ಅಡಿಕೆಯೆಂದರೆ ಸಿಪ್ಪೆ ಸಮೇತ ನಲವತ್ತು ದಿನವಾದರೂ ಬಿಸಿಲು ಕುಡಿಯಬೇಕು. ಮೂವತ್ತೈದನೇ ದಿನ ಒಂದು ಮಳೆ ತೋಯಿಸಿತೋ, ಒಳಗೆ ಬೂಷ್ಟು ಹಿಡಿದು, ಒಳ್ಳೆಯ ದರಕ್ಕೆ ಹೋಗಬೇಕಾದ ಮಾಲು ಕರಿಗೋಟಿನ ರಾಶಿಗೆ ಬೀಳುತ್ತದೆ. ಬೇಸಗೆಯ ಗುಡುಗುಮಳೆ ಅಲ್ಲಿ ಸಾಮಾನ್ಯವಾಗಿ ಘಟ್ಟದ ಮೇಲೆ ಕಟ್ಟಿ ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಇಳಿಯುತ್ತದೆ. ಹಾಗಾಗಿ ಘಟ್ಟದ ಬುಡದವನು ಕಂಡದ್ದನ್ನು ಪುತ್ತೂರಿನವನು ಗಂಟೆ ಕಳೆದು ಕಾಣುತ್ತಾನೆ. "ನಿನ್ನೆ ಎಷ್ಟು ಗಂಟೆಗೆ ಕಪ್ಪಾಯಿತು ಮಾರಾಯ?" "ಮೂರೂವರೆ. ಗಾಳಿಯೇ ಹೆಚ್ಚು, ಧೂಳು ಅಡಗುವಷ್ಟು ಹನಿ." "ಮೊನ್ನೆ?" "ಮೊನ್ನೆ ಹಂಚಿನ ನೀರು ಸುರಿಯುವಷ್ಟು ಬಂತು." ಹುಡುಗನ ಕಿವಿಗೆ ಇದು ಕಾಡುಹರಟೆ. ಪುತ್ತೂರಿನವನಿಗೆ ಇದು ಒಂದು ವರ್ಷದ ಸಂಪಾದನೆಯ ಮಾತು. ಭರಣಿ ಮಳೆನಕ್ಷತ್ರ ಮುಗಿಯುವುದರೊಳಗೆ ಅಡಿಕೆ ಒಳಗೆ ಹಾಕುವುದೆಂದು ಅವನು ತೀರ್ಮಾನಿಸಿದ್ದು ಆ ಕುರ್ಚಿಯ ಮೇಲೆ ಕೂತೇ. ಅದೇ ಮಾತಿನ ನಡುವೆ, ಮೊದಲನೆಯವನ ಬಾವಿಯ ನೀರು ಎಷ್ಟು ಮೆಟ್ಟಿಲು ಕೆಳಗೆ ಹೋಗಿದೆ ಎಂಬುದು ಬಂತು. ಆ ನೀರಿನ ಲೆಕ್ಕದ ಮೇಲೆ ಅವನ ಮನೆಯ ಗೃಹಪ್ರವೇಶ ಮುಂದೆ ಹೋದದ್ದೂ ಗೊತ್ತಾಯಿತು. ವಿಷಯ ಇರಲಿಲ್ಲವಂತೆ!

ಈಗಿನ ಕಾಲದವರ ಮುಂದಿನ ಬಾಣ ನನಗೆ ಗೊತ್ತು. ಇದಕ್ಕೆಲ್ಲ ಫೋನಿದೆಯಲ್ಲ, ತೆರೆದರೆ ಗಂಟೆಗಂಟೆಯ ಮಳೆ ತೋರಿಸುತ್ತದಲ್ಲ? ಹವಾಮಾನ ಇಲಾಖೆಯನ್ನು ಹಳಿಯುವ ಸುಲಭದ ಚಟ ನನಗಿಲ್ಲ. ನಮ್ಮ ರಾಜ್ಯದಲ್ಲಿ 6 ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿವೆ; ಪಂಚಾಯಿತಿ ಮಟ್ಟದವರೆಗೆ ಇಷ್ಟು ದಟ್ಟವಾಗಿ ಮಳೆ ಅಳೆಯುವ ರಾಜ್ಯಗಳು ಕಡಿಮೆ. ಸಿಡಿಲಿನ ಮುನ್ನೆಚ್ಚರಿಕೆಗೆ 'ದಾಮಿನಿ' ಇದೆ, ನಮ್ಮದೇ 'ಸಿಡಿಲು' ಇದೆ. ಎರಡೂ ನನ್ನ ಫೋನಿನಲ್ಲಿವೆ. ಆದರೆ ಇಲಾಖೆ ಮಾಡುವ ಕೆಲಸ ಬೇರೆ, ಗೆಳೆಯ ಮಾಡುವ ಕೆಲಸ ಬೇರೆ. ದಕ್ಷಿಣ ಕನ್ನಡಕ್ಕೆ ಹಳದಿ ಎಚ್ಚರಿಕೆ ಎಂದರೆ ಸಮುದ್ರದ ದಡದ ಉಳ್ಳಾಲಕ್ಕೂ ಘಟ್ಟದ ಬುಡದ ಸುಬ್ರಹ್ಮಣ್ಯಕ್ಕೂ ಒಂದೇ ಬಣ್ಣ. ಬೇಸಗೆಯ ಗುಡುಗಿನ ಮೋಡವೋ ಕೆಲವೇ ಕಿಲೋಮೀಟರ್ ಅಗಲದ್ದು; ಈ ಗುಡ್ಡಕ್ಕೆ ಸುರಿದು ಆ ಗುಡ್ಡವನ್ನು ಬಿಟ್ಟು ಹೋಗುತ್ತದೆ. ಬೆಂಗಳೂರಿನ ಜಯನಗರದಲ್ಲಿ ಚರಂಡಿ ಉಕ್ಕಿ ಹರಿಯುವಾಗ ಮಲ್ಲೇಶ್ವರದಲ್ಲಿ ಗಿಡಕ್ಕೆ ನೀರು ಹಾಕುತ್ತಿರುವವರನ್ನು ನಾನೇ ಫೋನಿನಲ್ಲಿ ಮಾತಾಡಿಸಿದ್ದೇನೆ.

ಇನ್ನು ತಾಪಮಾನ. ಇಲಾಖೆಯ ಉಷ್ಣಮಾಪಕ ಇರುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿ, ನೆಲದಿಂದ ಮೇಲೆ. ವಿಜ್ಞಾನಕ್ಕೆ ಅದು ಹಾಗೇ ಇರಬೇಕು. ಆದರೆ ಆ ಪೆಟ್ಟಿಗೆಯೊಳಗೆ ಯಾರೂ ಬದುಕುವುದಿಲ್ಲ. ಮಂಗಳೂರಿನ 35 ಡಿಗ್ರಿಯೂ ಕಲಬುರಗಿಯ 42 ಡಿಗ್ರಿಯೂ ಬೇರೆ ಬೇರೆ ಶಿಕ್ಷೆಗಳು. ಒಂದರಲ್ಲಿ ಬೆವರು ಆರುವುದೇ ಇಲ್ಲ, ಇನ್ನೊಂದರಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ. ಇದನ್ನು ಇಲಾಖೆಯೂ ಬಲ್ಲದು. ಬಯಲಿನಲ್ಲಿ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಲೆಕ್ಕ ಹಿಡಿದರೆ ಕರಾವಳಿಯಲ್ಲಿ 37ಕ್ಕೇ ಹಿಡಿಯುತ್ತದೆ. ಭಾಷೆಯೂ ಮೊದಲಿನಿಂದ ಬಲ್ಲದು. ಕರಾವಳಿಯವರು ಸೆಕೆ ಎಂದರು, ಬಯಲುಸೀಮೆಯವರು ಧಗೆ, ಝಳ, ಬೇಗೆ ಎಂದರು, ಉತ್ತರದವರು ಬರೀ ಬಿಸಲು ಎಂದು ಸ್ವರ ಎಳೆದೇ ಎಲ್ಲವನ್ನೂ ಹೇಳಿದರು. ಮಳೆಗಾದರೂ ಅಷ್ಟೆ. 2.5 ಮಿಲಿಮೀಟರ್ ಬಿದ್ದರೆ ಇಲಾಖೆಯ ಪುಸ್ತಕದಲ್ಲಿ ಅದು ಮಳೆದಿನ. ಒಕ್ಕಲಿಗನ ಮಾಪು ಅದಲ್ಲ, 'ಹದ'. "ಒಂದು ಹದ ಬಂತು" ಎಂದರೆ ನೇಗಿಲು ಹೂಡಬಹುದು ಎಂದರ್ಥ. ಎಷ್ಟು ಬಿತ್ತು ಎಂಬುದರ ಜೊತೆಗೆ ನೆಲ ಯಾವುದು, ಹಿಂದಿನ ಮಳೆ ಯಾವಾಗ ಬಂದಿತ್ತು, ಬಿದ್ದದ್ದು ಇಂಗಿತೋ ಹರಿದು ಹೋಯಿತೋ, ಎಲ್ಲವೂ ಆ ಎರಡಕ್ಷರದಲ್ಲಿ ಇದೆ. ಯಾವ ಆ್ಯಪು ಹದ ಬಂತೆಂದು ಹೇಳುತ್ತದೆ? ಮೂಡಿಗೆರೆಯ ಗೆಳೆಯನಿಗೆ ಮಾರ್ಚಿನಲ್ಲಿ "ಹೂಮಳೆ ಆಯ್ತಾ?" ಎಂದು ಕೇಳಿದರೆ ಅವನು ಬರುವ ವಾರ ಕಾಫಿ ತೋಟ ಬೆಳ್ಳಗಾಗುತ್ತದೋ ಇಲ್ಲವೋ, ಬ್ಯಾಂಕಿನವರಿಗೆ ಏನು ಹೇಳಬೇಕು, ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತಾನೆ.

ಹವೆಯ ಮಾತನ್ನು ಜರೆಯುವವರಿಗಿಂತ ನನಗೆ ಹೆಚ್ಚು ಸಿಟ್ಟು ಬರುವುದು ಅದರ ಪರ ವಹಿಸಿ ಬರುವ ದಯಾಳುಗಳ ಮೇಲೆ. ಇವರ ವಾದಕ್ಕೆ ನೂರು ವರ್ಷದ ವಿದ್ವತ್ತಿನ ಬೆಂಬಲವಿದೆ. ಟ್ರೋಬ್ರಿಯಾಂಡ್ ದ್ವೀಪಗಳ ಜನರನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಒಂದು ಪ್ರಬಂಧ ಬರೆದ. ಕ್ಷೇಮ ಸಮಾಚಾರ, ಹವೆಯ ಕುರಿತ ಟೀಕೆ ಮುಂತಾದ ಮಾತುಗಳು ವಿಚಾರ ಮುಟ್ಟಿಸಲು ಇರುವುದಲ್ಲ, ಮನುಷ್ಯರನ್ನು ಬೆಸೆಯಲು ಇರುವುದು ಎಂಬುದು ಅವನ ಸಿದ್ಧಾಂತ. ಅಂದಿನಿಂದ ಎಲ್ಲರೂ ಅದನ್ನೇ ಹಿಡಿದರು: ಪಾಪ, ಮಾತು ಪೊಳ್ಳು ನಿಜ, ಆದರೆ ಪ್ರೀತಿ ಇದೆಯಲ್ಲ! ಈ ದಯೆ ನನಗೆ ಬೇಡ. ಬೆಸೆಯುತ್ತದೆ, ಸರಿ, ಆದರೆ ಪೊಳ್ಳಾದ್ದರಿಂದ ಬೆಸೆಯುವುದಿಲ್ಲ, ಗಟ್ಟಿ ಇರುವುದರಿಂದ ಬೆಸೆಯುತ್ತದೆ. ಆಗಾಗ ಮೋಡ ಮುಚ್ಚಿ ತುಂತುರು ಹಾಕುವ ಲಂಡನ್ನಿನಲ್ಲಿ ಇಬ್ಬರು ಅಪರಿಚಿತರು ಹವೆಯ ಮಾತಾಡಿದರೆ ಅದು ಬರೀ ಜಾಗ ತುಂಬುವ ಮಾತು ಇರಬಹುದು, ನಾನು ಬಲ್ಲವನಲ್ಲ. ಆ ದೇಶದ ಅಭ್ಯಾಸವನ್ನು ನಮ್ಮ ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು 'ಹರಟೆ ಶುರು ಮಾಡುವುದು ಹೇಗೆ' ಎಂಬ ಪಾಠವಾಗಿ ಕಲಿಸಿದವು. ಅದರ ಜೊತೆಗೆ ಬಂದ ತಾತ್ಸಾರವನ್ನೂ ನಾವು ಪುಕ್ಕಟೆಯಾಗಿ ಪಡೆದೆವು.

ಇಲ್ಲಿಯ ಲೆಕ್ಕವೇ ಬೇರೆ. ಕನ್ನಡದಲ್ಲಿ ಮಳೆ ಒಂಟಿಯಾಗಿ ಓಡಾಡುವುದಿಲ್ಲ. 'ಮಳೆಬೆಳೆ' ಎಂದು ಜೋಡಿಯಾಗಿಯೇ ಬರುತ್ತದೆ. ಹಿಂದಿನ ಅಂಚೆ ಕಾರ್ಡುಗಳಲ್ಲಿ 'ಇತ್ತ ನಾವೆಲ್ಲ ಕ್ಷೇಮ' ಆದ ಮೇಲಿನ ಸಾಲು ಮಳೆಬೆಳೆಯದೇ ಆಗಿರುತ್ತಿತ್ತು. ನನ್ನ ಅಜ್ಜ ಅಶ್ವಿನಿಯಿಂದ ಹಿಡಿದು ಒಂದೊಂದು ಮಳೆನಕ್ಷತ್ರ ಹೇಗಾಯಿತೆಂದು ಭಾವನಿಗೆ ಬರೆದು ತಿಳಿಸುತ್ತಿದ್ದರು. ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ, ನಕ್ಷತ್ರಕ್ಕೊಂದು ಕಾರ್ಡು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ, ರೋಹಿಣಿ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಗಳನ್ನು ಕಟ್ಟಿದವರು ಸಮಯ ಕಳೆಯಲು ಪ್ರಾಸ ಹುಡುಕುತ್ತಿರಲಿಲ್ಲ. ಇಷ್ಟೂ ಸಾಲದಿದ್ದರೆ ಮಹಾಭಾರತಕ್ಕೇ ಹೋಗೋಣ. ಸಭಾಪರ್ವದಲ್ಲಿ ನಾರದ ಬಂದು ಧರ್ಮರಾಯನನ್ನು ಕುಶಲ ಕೇಳುತ್ತಾನೆ. ಆ ಉದ್ದದ ಕುಶಲಪ್ರಶ್ನೆಯಲ್ಲಿ ಒಂದು ಇದು: ನಿನ್ನ ರಾಜ್ಯದಲ್ಲಿ ದೊಡ್ಡ ಕೆರೆಗಳು ತುಂಬಿವೆಯೇ, ಬೇಸಾಯ ಬರೀ ದೇವಮಾತೃಕವಾಗಿ, ಎಂದರೆ ಮಳೆಯನ್ನೇ ನಂಬಿ, ಉಳಿದಿಲ್ಲ ತಾನೆ? ಹರಟೆಮಲ್ಲನೆಂದೇ ಹೆಸರಾದ ಆಸಾಮಿಯೂ ನೀರಿನ ಸುದ್ದಿಯನ್ನು ರಾಜನೀತಿಯ ಪಂಕ್ತಿಯಲ್ಲಿ ಕೂರಿಸಿದ. ನಮ್ಮ ಭಾಷಣಕಾರರು ಅದನ್ನು ಎಬ್ಬಿಸಿ ಹೊರಗೆ ಕಳಿಸಿದ್ದಾರೆ.

ಹೆಂಗಸರ ಮಾತಿಗೆ ಈ ತಾತ್ಸಾರ ಇನ್ನೂ ಒಂದು ಕೈ ಹೆಚ್ಚು. ತಾರಸಿಯ ಮೇಲಿಂದ ತಾರಸಿಗೆ "ಇವತ್ತು ಸಂಡಿಗೆ ಹಾಕ್ತೀರಾ, ಮೋಡ ಮುಚ್ಚೋ ಹಾಗಿದೆ" ಎನ್ನುವಾಕೆ ಐದು ಸೇರು ಅಕ್ಕಿಯ ಭವಿಷ್ಯ ನುಡಿಯುತ್ತಿದ್ದಾಳೆ. ಷೇರುಪೇಟೆಯ ಬಗ್ಗೆ ಇಷ್ಟೇ ಖಚಿತವಾಗಿ ಮಾತಾಡಿದ್ದರೆ ಟೀವಿಯಲ್ಲಿ ಕೂರಿಸುತ್ತಿದ್ದರು.

ಎರಡನೆಯ ಆರೋಪ ತಿರುಗಾಟದ ಮೇಲೆ. ಈಗ ಹೋಗಿ ಬಂದದ್ದನ್ನು ಹೇಳಬೇಕಾದರೆ ಹೋದ ಜಾಗ ದೊಡ್ಡದಿರಬೇಕು. ರೆಸಾರ್ಟು, ಹೋಮ್‌ಸ್ಟೇ, ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಬುಡದಲ್ಲಿ ಸಾಲುಗಟ್ಟಿದ ಕಾರುಗಳ ನಡುವೆ ನಿಂತು ತೆಗೆದ ಸೂರ್ಯೋದಯ. ಅದು ಬಿಟ್ಟು ಕೆರೆ ಏರಿಯ ಮೇಲೆ ಅರ್ಧ ಗಂಟೆ ಕೂತು ಬಂದೆವು, ಮಗಳನ್ನು ಕರಕೊಂಡು ಹೋಗಿ ಗಡ್‌ಬಡ್ ತಿಂದು ಬಂದೆವು ಎಂದರೆ, ಅದನ್ನೇನು ಹೇಳುವುದು ಎನ್ನುತ್ತಾರೆ. ನನ್ನ ಅನುಭವ ತದ್ವಿರುದ್ಧ. ದೊಡ್ಡ ಪ್ರವಾಸದ ವರದಿಯಲ್ಲಿ ಸುದ್ದಿಯೇ ಇರುವುದಿಲ್ಲ. ಅಲ್ಲಿ ಏನು ಕಾಣುತ್ತದೆಂದು ಹೋಗುವ ಮೊದಲೇ ಎಲ್ಲರಿಗೂ ಗೊತ್ತು. ಹೋಗಿ ಬಂದವರು ಅದನ್ನು ದೃಢೀಕರಿಸುತ್ತಾರೆ ಅಷ್ಟೆ. ಸಣ್ಣ ತಿರುಗಾಟದವನು ಹಾಗಲ್ಲ. ಮೈಸೂರಿನ ಗೆಳತಿ "ಕುಕ್ಕರಹಳ್ಳಿ ಕೆರೆಗೆ ಹೋಗಿದ್ದೆ, ನೀರು ಇಳಿದು ದಡದಲ್ಲಿ ಬಿರುಕು ಕಾಣ್ತಿದೆ, ಹಕ್ಕಿ ಕಡಿಮೆ" ಎಂದರೆ ಅದು ನಾಳಿನ ಪತ್ರಿಕೆಯಲ್ಲಿ ಬರದ ಸುದ್ದಿ. "ಲಾಲ್‌ಬಾಗಿಗೆ ಹೋಗಿದ್ವಿ, ಬಾದಾಮಿ ಮಾವು ಇನ್ನೂ ಹುಳಿ, ರಸಪುರಿ ಪರವಾಗಿಲ್ಲ, ಒಂದು ವಾರ ತಡಿ" ಎಂದರೆ ನನ್ನ ಇನ್ನೂರು ರೂಪಾಯಿ ಉಳಿಯಿತು. ಹೋದದ್ದು ಎಲ್ಲಿಗೆ ಎನ್ನುವುದಕ್ಕಿಂತ, ಯಾರ ಜೊತೆ, ನಡೆದೋ ಆಟೋದಲ್ಲೋ, ಎಷ್ಟು ಹೊತ್ತಿಗೆ ವಾಪಸು ಬಂದರು, ದಾರಿಯಲ್ಲಿ ಎಲ್ಲಿ ಕೂತರು ಎನ್ನುವುದರಲ್ಲಿ ಸುದ್ದಿ ಇದೆ.

ಕಲಬುರಗಿಯಲ್ಲಿ ನನಗೊಬ್ಬ ಹಳೆಯ ಸಹೋದ್ಯೋಗಿ ಇದ್ದಾನೆ. ನಿವೃತ್ತ, ಒಂಟಿ. ಮಗ ಸೊಸೆ ಪುಣೆಯಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ಸರ್ಕಾರವೇ ಆ ಕಡೆಯ ಕಚೇರಿಗಳನ್ನು ಬೆಳಗ್ಗೆ 8ಕ್ಕೆ ತೆರೆಸಿ ಮಧ್ಯಾಹ್ನ 1.30ಕ್ಕೆ ಮುಚ್ಚಿಸುವಂಥ ಊರು ಅದು. ಬೇಸಗೆಯಲ್ಲಿ ನಾವು ದಿನ ಬಿಟ್ಟು ದಿನ ಮಾತಾಡುತ್ತೇವೆ, ಮಾತು ಯಾವಾಗಲೂ ಒಂದೇ. ಅವನು ಅಪ್ಪನ ಕೆರೆಯ ಸುತ್ತ ಬೆಳಗ್ಗೆ ಎಷ್ಟು ಸುತ್ತು ಹಾಕಿದ, ವಾಪಸು ಬರುವಾಗ ಮಜ್ಜಿಗೆ ಕುಡಿದನೋ ಮೋಸಂಬಿಯೋ, ಎಷ್ಟು ಗಂಟೆಗೆ ಬಾಗಿಲು ಹಾಕಿಕೊಂಡು ಕೂತ. ನಾನು ಬೆಂಗಳೂರಿನದ್ದು ಹೇಳುತ್ತೇನೆ, ಅವನು ನಗುತ್ತಾನೆ, "ಮೂವತ್ನಾಕಕ್ಕ ಇಷ್ಟು ಅಳ್ತೀರಲ್ಲೋ!" ಒಂದು ಏಪ್ರಿಲಿನಲ್ಲಿ ಮೂರು ಸಲ ಮಾತಾಡಿದಾಗಲೂ ಅವನು, "ಬಿಸಲು ಭಾಳ ಅದಪಾ, ನಲವತ್ಮೂರು ಅಂತ ಟೀವ್ಯಾಗ ಹೇಳ್ಯಾರ" ಎಂದ. ಅಷ್ಟೆ. ಕೆರೆ ಇಲ್ಲ, ಮಜ್ಜಿಗೆ ಇಲ್ಲ. ನಾಲ್ಕು ದಿನದಲ್ಲಿ ಮೂರು ಸಲ ಟೀವಿಯ ಅಂಕಿ. ಟೀವಿಯ ಬಿಸಿಲು ಹೇಳುವ ಮನುಷ್ಯ ಅವನಲ್ಲ, ತಾನು ಕಂಡ ಬಿಸಿಲು ಹೇಳುವವನು. ನನಗೆ ಏನೋ ತಳಮಳ. ಅವನ ಪಕ್ಕದ ಮನೆಯವರಿಗೆ ಫೋನು ಮಾಡಿದೆ. ಅವರು ಹೋಗಿ ಬಾಗಿಲು ಬಡಿದರೆ ಎದ್ದು ಬರಲು ಐದು ನಿಮಿಷ ತೆಗೆದುಕೊಂಡನಂತೆ. ವಾಂತಿ ಭೇದಿ, ಸುಸ್ತು, ಯಾರಿಗೂ ಹೇಳಿರಲಿಲ್ಲ. ಎರಡು ದಿನ ಸಲೈನು ಹಾಕಿಸಿಕೊಂಡು ಬಂದ. ಹುಷಾರಿಲ್ಲ ಎಂದು ಬಾಯಿ ಬಿಟ್ಟು ಹೇಳದ ಜಾತಿಯವನ ಹೊಟ್ಟೆಯೊಳಗಿನ ಸಂಗತಿ ನನಗೆ ತಿಳಿದದ್ದು ಅವನ ತಿರುಗಾಟದ ವರದಿ ನಿಂತದ್ದರಿಂದ.

ಇದು ಒಬ್ಬನ ಕಥೆ ಎನ್ನುವವರು ಷಿಕಾಗೊ ನೋಡಲಿ. 1995ರ ಜುಲೈಯಲ್ಲಿ ಅಲ್ಲಿ ಬಿಸಿಗಾಳಿ ಬೀಸಿದ ಒಂದು ವಾರದಲ್ಲಿ ವಾಡಿಕೆಗಿಂತ 739 ಮಂದಿ ಹೆಚ್ಚು ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ ಅದರ ಬೆನ್ನು ಹತ್ತಿ 2002ರಲ್ಲಿ ಪುಸ್ತಕ ಬರೆದ. ಅಕ್ಕಪಕ್ಕದ ಎರಡು ಬಡಾವಣೆಗಳು, ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಬಿಸಿಲು ಒಂದೇ, ಎರಡರಲ್ಲೂ ಒಂಟಿ ಮುದುಕರಿದ್ದರು, ಬಡತನವಿತ್ತು. ಆದರೂ ಒಂದರಲ್ಲಿ ಸಾವಿನ ಪ್ರಮಾಣ ಇನ್ನೊಂದರ ಹತ್ತು ಪಟ್ಟು. ಕಡಿಮೆ ಸತ್ತದ್ದು ಎಲ್ಲಿ? ಬೀದಿಯಲ್ಲಿ ಅಂಗಡಿಗಳಿದ್ದು, ಮುದುಕರೂ ದಿನಾ ಹೊರಗೆ ಹೆಜ್ಜೆ ಹಾಕಿ, ಕಂಡವರೊಡನೆ ನಾಲ್ಕು ಮಾತಾಡಿ ಬರುವ ಅಭ್ಯಾಸವಿದ್ದ ಕಡೆ. ಆ ನಾಲ್ಕು ಮಾತು ಅಸ್ತಿತ್ವವಾದದ ಮೇಲೆ ಇದ್ದಿರಲಾರದು. ಸೆಕೆ ಎಂದಿರಬೇಕು, ತರಕಾರಿ ರೇಟು ಎಂದಿರಬೇಕು.

ಮೂರನೆಯ ಆಕ್ಷೇಪವೊಂದಿದೆ, ಅದಕ್ಕೆ ಮಾತ್ರ ನಾನು ತಲೆಬಾಗಿ ಉತ್ತರಿಸುತ್ತೇನೆ. ನಾಡಿನಲ್ಲಿ ಇಷ್ಟೆಲ್ಲ ಅನ್ಯಾಯ ನಡೆಯುತ್ತಿರುವಾಗ ಬಿಸಿಲು ಮಳೆಯ ಮಾತಾಡುವುದು ತಪ್ಪಿಸಿಕೊಳ್ಳುವ ಉಪಾಯ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ನಾನೂ ಹಾಗೇ ಅಂದವನು. 2024ರ ಬೆಂಗಳೂರಿನ ಬೇಸಗೆ ನನ್ನನ್ನು ತಿದ್ದಿತು. ಆ ಏಪ್ರಿಲಿನಲ್ಲಿ ನಗರದ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ, 28ರಂದು 38.5 ಡಿಗ್ರಿ. ನಗರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳು ಹೇಳಿದ್ದು ಮಾರ್ಚಿನಲ್ಲಿ. ನಮ್ಮ ಬೀದಿಯ ಬೆಳಗಿನ ವಾಕಿಂಗಿನ ಗೆಳೆಯರು ಅದನ್ನು ಜನವರಿಯಿಂದಲೇ ಮಾತಾಡುತ್ತಿದ್ದರು: "ನಿಮ್ಮ ಬೋರು ಎಷ್ಟು ನಿಮಿಷ ಓಡುತ್ತೆ?" "ನಮ್ಮದು ಇಪ್ಪತ್ತಕ್ಕೆ ಗಾಳಿ ಹೊಡೆಯುತ್ತೆ." ಆಮೇಲೆ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಗೆ 1891ರಿಂದ ಇದ್ದ ದಾಖಲೆ ಮುರಿಯಿತು, ಮರಗಳು ರಸ್ತೆಗೆ ಬಿದ್ದವು. ಯಾವ ಕೆರೆಯ ಮೇಲೆ ಯಾವ ಬಡಾವಣೆ ಎದ್ದಿತು, ಯಾವ ರಸ್ತೆಯ ಸಾಲುಮರ ಹೋದ ಮೇಲೆ ಆ ರಸ್ತೆಯಲ್ಲಿ ನಡೆಯಲಾಗದಷ್ಟು ಕಾವು ಬಂತು ಎಂಬುದೆಲ್ಲ ಬಂದದ್ದು ಸೆಕೆಯ ಮಾತಿನ ಬಾಲ ಹಿಡಿದೇ. ಸೆಕೆಯ ಮಾತನ್ನು ನಿಲ್ಲಿಸಿದರೆ ಆ ಪ್ರಶ್ನೆಗಳೂ ನಿಲ್ಲುತ್ತವೆ. ಗುತ್ತಿಗೆದಾರರಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ.

ಪೊಳ್ಳು ಮಾತೂ ಇದೆ, ಒಪ್ಪುತ್ತೇನೆ. ಲಿಫ್ಟಿನಲ್ಲಿ ಮೂರನೇ ಮಹಡಿಯಿಂದ ಕೆಳಕ್ಕೆ ಬರುವಷ್ಟರಲ್ಲಿ "ಸೆಕೆ ಅಲ್ವಾ?" "ಹೌದು, ಸೆಕೆ" ಎನ್ನುವುದು ಅಂಥದ್ದು, ಅದಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. ಪ್ರತಿ ಬೇಸಗೆಯಲ್ಲಿ ಊರಿಂದೂರಿಗೆ ಫೋನಿನಿಂದ ಫೋನಿಗೆ ಹಾರುವ, ನಾಳೆಯಿಂದ 55 ಡಿಗ್ರಿ, ಬಾಹ್ಯಾಕಾಶದಿಂದ ಕಿರಣ ಬರುತ್ತದೆ, ಮೊಬೈಲು ಆರಿಸಿ ಮಲಗಿ ಎಂಬ ಸಂದೇಶಗಳಿಗಂತೂ ಇಲ್ಲವೇ ಇಲ್ಲ. ಅವುಗಳಲ್ಲಿ ಊರಿಲ್ಲ, ಹೊತ್ತಿಲ್ಲ, ಮೈ ಬೆವರಿದ ಮನುಷ್ಯನಿಲ್ಲ. ವಿಚಿತ್ರವೆಂದರೆ ಹವೆಯ ಮಾತನ್ನು ಹರಟೆ ಎಂದು ತಳ್ಳುವ ಘನ ವ್ಯಕ್ತಿಗಳೇ ಅವುಗಳನ್ನು ಮುಂದಕ್ಕೆ ಕಳಿಸುವುದರಲ್ಲಿ ಮುಂದು.

ತಂಗಿಯ ಮಗನಿಗೆ ಆ ದಿನ ಇಷ್ಟನ್ನೆಲ್ಲ ಹೇಳಲಿಲ್ಲ. ಹಂತಿಯಲ್ಲಿ ಎಲೆ ಹಾಕಿದ್ದರು. ನಿಮಗೆ ಹೇಳುತ್ತಿದ್ದೇನೆ. ಈ ಲೇಖನ ಓದಿ ಒಪ್ಪಿದವರು ನನಗೆ ಮೆಚ್ಚುಗೆ ಬರೆಯಬೇಡಿ, ಒಪ್ಪದವರು ವಾದ ಬರೆಯಬೇಡಿ. ದೂರದಲ್ಲಿರುವ ನಿಮ್ಮ ಸ್ನೇಹಿತರೊಬ್ಬರಿಗೆ ಇವತ್ತು ಸಂಜೆ ಫೋನು ಮಾಡಿ, ನಿಮ್ಮ ಕಡೆ ಬಂತಾ ಎಂದು ಕೇಳಿ. ಬಂತು ಎಂದರೆ ಎಷ್ಟು ಮಿಲಿಮೀಟರ್ ಎಂದು ಕೇಳಬೇಡಿ. ಏನೇನು ತೋಯಿತು ಎಂದು ಕೇಳಿ. ಬರಲಿಲ್ಲ ಎಂದರೆ, ಬೆಳಗ್ಗೆ ಎಲ್ಲಿಯವರೆಗೆ ನಡೆದು ಬಂದಿರಿ ಎಂದು ಕೇಳಿ.